ಸರೋವರದ ದಾರಿಗೆ ಕಾರು ಏಕೆ?

ಬೇಸಿಗೆ ಹತ್ತಿರವಾಗುತ್ತಿದ್ದಂತೆ ನಮ್ಮ ಸಂಘದಲ್ಲಿ ವಾರ್ಷಿಕ ವಿಹಾರದ ಚರ್ಚೆ ಆರಂಭವಾಗುತ್ತದೆ. ಯಾವ ಸರೋವರ, ಯಾವ ಭಾನುವಾರ, ಅಡುಗೆಯ ಹೊಣೆ ಯಾರದು ಎಂಬುದೆಲ್ಲ ನಿಶ್ಚಯವಾದ ಬಳಿಕ ಸದಸ್ಯರಿಗೆ ಹೋಗುವ ಸೂಚನೆಯಲ್ಲಿ ಎರಡು ಸಾಲುಗಳು ತಪ್ಪದೆ ಇರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಸರೋವರದ ಬಳಿಯ ಪಾರ್ಕಿಂಗ್ ಸ್ಥಳದಲ್ಲಿ ಎಲ್ಲರೂ ಸೇರುವುದು ಎಂಬುದು ಮೊದಲನೆಯದು. ಕಾರು ಇಲ್ಲದವರು ಸ್ವಯಂಸೇವಕರನ್ನು ಸಂಪರ್ಕಿಸುವುದು ಎಂಬುದು ಎರಡನೆಯದು. ಬರೆದವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಎರಡನೆಯ ಸಾಲು ನಮ್ಮ ಬಳಗವನ್ನು ಸದ್ದಿಲ್ಲದೆ ಇಬ್ಭಾಗ ಮಾಡುತ್ತದೆ: ಕರೆದುಕೊಂಡು ಹೋಗುವವರು ಒಂದು ಕಡೆ, ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾಯುವವರು ಇನ್ನೊಂದು ಕಡೆ.

ಮ್ಯೂನಿಕ್ ನಗರದ ದಕ್ಷಿಣಕ್ಕೆ ಒಂದು ಗಂಟೆಯ ರೈಲು ಪ್ರಯಾಣದಷ್ಟು ದೂರದಲ್ಲಿ ಆಲ್ಪ್ಸ್ ಪರ್ವತಗಳ ಬುಡದಲ್ಲಿ ಸರೋವರಗಳ ಮತ್ತು ಜೌಗು ಭೂಮಿಗಳ ಒಂದು ಮಾಲೆಯೇ ಇದೆ. ಇವುಗಳಲ್ಲಿ ಬಹುಪಾಲು ಸ್ಥಳಗಳಿಗೆ ರೈಲು ಅಥವಾ ಬಸ್ಸಿನಲ್ಲಿ ಹೋಗಿ, ಕಾಲ್ನಡಿಗೆಯಲ್ಲಿ ಸುತ್ತಾಡಿ, ಸಂಜೆಗೆ ಮನೆ ಸೇರಬಹುದು. ಸಂಘದ ವಿಹಾರವೂ ಈ ವರ್ಷದಿಂದ ಹೀಗೆಯೇ ನಡೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಇದನ್ನು ತ್ಯಾಗವೆಂದು ನಾವು ಕೇಳುತ್ತಿಲ್ಲ. ವಿಹಾರಕ್ಕೆ ಇದೇ ಹೆಚ್ಚು ಒಳ್ಳೆಯ ಮಾರ್ಗವೆಂದು ನಂಬಿ ಹೇಳುತ್ತಿದ್ದೇವೆ.

ಹಿಂದೆ ಉಳಿಯುವವರು ಯಾರು?

ಭಾರತದ ಚಾಲನಾ ಪರವಾನಗಿ ಜರ್ಮನಿಯಲ್ಲಿ ವಾಸ ಆರಂಭಿಸಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಅನಂತರ ಇಲ್ಲಿಯ ಲಿಖಿತ ಪರೀಕ್ಷೆ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಉತ್ತೀರ್ಣರಾಗಬೇಕು. ಊರಿನಲ್ಲಿ ಹತ್ತು ವರ್ಷ ಕಾರು ಓಡಿಸಿದ ಹೆಣ್ಣುಮಗಳು ಪತಿಯ ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದ ಏಳನೆಯ ತಿಂಗಳಿನಲ್ಲಿ ಪ್ರಯಾಣಕ್ಕೆ ಪತಿಯನ್ನೇ ಅವಲಂಬಿಸುವಂತಾಗುತ್ತದೆ. ವಿದ್ಯಾರ್ಥಿಗಳ ಮಾತಂತೂ ಹೇಳಬೇಕಾಗಿಲ್ಲ. ಊಟದ ಖರ್ಚನ್ನೇ ಲೆಕ್ಕ ಹಾಕುವ ಹುಡುಗರು ಅಪರಿಚಿತ ಕುಟುಂಬದ ಹಿಂದಿನ ಸೀಟನ್ನು ಬೇಡಲು ಸಂಕೋಚಪಟ್ಟು ಬರುವುದನ್ನೇ ಬಿಡುತ್ತಾರೆ. ಸಂಘದ ಅಗತ್ಯ ಅತಿ ಹೆಚ್ಚು ಇರುವುದು ಹೊಸದಾಗಿ ಬಂದ ಇಂಥವರಿಗೇ.

ಮೂರನೆಯ ಗುಂಪು ನಮ್ಮ ತಂದೆತಾಯಿಯರದು. ಮಕ್ಕಳ ಮನೆಗೆಂದು ಮೂರು ತಿಂಗಳ ವೀಸಾದಲ್ಲಿ ಬರುವ ಹಿರಿಯರ ದಿನಚರಿಯನ್ನು ಗಮನಿಸಿದವರಿಗೆ ನಮ್ಮ ಕಳವಳ ಅರ್ಥವಾಗುತ್ತದೆ. ವಾರವಿಡೀ ಮನೆಯೊಳಗೆ ಕೂತು, ವಾರಾಂತ್ಯದಲ್ಲಿ ಕಾರಿನೊಳಗೆ ಕೂತು, ಗಾಜಿನ ಆಚೆಗೆ ಆಲ್ಪ್ಸ್ ನೋಡಿ, ಐದು ನಿಮಿಷ ಇಳಿದು ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಇವರೇ ಒಂದು ಕಾಲಕ್ಕೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ ಧರ್ಮಸ್ಥಳ, ಶೃಂಗೇರಿ, ಸವದತ್ತಿಗಳಿಗೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿ ಬಂದವರು. ಯಾವ ನಿಲ್ದಾಣದಲ್ಲಿ ಇಳಿಯಬೇಕು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬ ವಿದ್ಯೆಯಲ್ಲಿ ಅವರು ನಮಗಿಂತ ಪರಿಣತರು. ರೈಲು ಮತ್ತು ಬಸ್ಸು ಅವರಿಗೆ ಆ ಸ್ವಾತಂತ್ರ್ಯವನ್ನು ಮರಳಿಸುತ್ತವೆ. ಒಮ್ಮೆ ದಾರಿ ಪರಿಚಯವಾದರೆ ಎಷ್ಟೋ ಹಿರಿಯರು ಮುಂದಿನ ವಾರ ತಾವೇ ಹೋಗಿ ಬರಬಲ್ಲರು.

ಖರ್ಚಿನ ವಿಷಯ. ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಿನಲ್ಲಿ 49 ಯೂರೊಗಳಿಗೆ ಆರಂಭವಾಗಿ 2025ರಲ್ಲಿ 58ಕ್ಕೆ, 2026ರ ಜನವರಿಯಿಂದ 63ಕ್ಕೆ ಏರಿದೆ. ಏರಿಕೆ ನಮಗೂ ಇಷ್ಟವಾಗಿಲ್ಲ. ಆದರೂ ಕಚೇರಿಗೆಂದು ಅದನ್ನು ಈಗಾಗಲೇ ಕೊಂಡಿರುವವರಿಗೆ ಪ್ರಾದೇಶಿಕ ರೈಲು ಮತ್ತು ಬಸ್ಸುಗಳಲ್ಲಿ ಬೆಟ್ಟದ ತಪ್ಪಲಿಗೆ ಹೋಗಿಬರಲು ಬೇರೆ ಖರ್ಚಿಲ್ಲ. ಅದಿಲ್ಲದವರು ಐದು ಜನರವರೆಗೆ ಒಟ್ಟಾಗಿ ಒಂದೇ ಬೈಯರ್ನ್ ಟಿಕೆಟ್ ಕೊಳ್ಳಬಹುದು. ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆಯಿಂದ, ಶನಿವಾರ ಮತ್ತು ಭಾನುವಾರಗಳಲ್ಲಿ ಇಡೀ ದಿನ ಚಾಲ್ತಿಯಲ್ಲಿರುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಾಗಿಲ್ಲ.

ನೀರಿನ ನೆಲದ ಮಾತು

ನಾವು ನೋಡಲು ಹೋಗುವ ನೆಲ ಎಂಥದು ಎಂಬುದನ್ನು ಅರಿತರೆ ಕಾರನ್ನು ದೂರವಿಡಬೇಕೆಂಬ ಮಾತಿನ ತೂಕ ತಿಳಿಯುತ್ತದೆ. ಇಫೆಲ್‌ಡೋರ್ಫ್ ಊರಿನ ಬಳಿಯಿರುವ ಓಸ್ಟರ್‌ಸೇಯೆನ್ ಸರೋವರಗಳನ್ನೇ ನೋಡಿ. ಹಿಮಯುಗದ ಕೊನೆಯಲ್ಲಿ ಹಿಮನದಿ ಹಿಂಜರಿದಾಗ ಅದರ ದೊಡ್ಡ ದೊಡ್ಡ ತುಂಡುಗಳು ಜಲ್ಲಿಕಲ್ಲಿನಡಿ ಹೂತುಹೋದವು. ಕಾಲಾನಂತರ ಆ ಮಂಜುಗಡ್ಡೆ ಕರಗಿ ನೆಲ ಕುಸಿದ ಗುಂಡಿಗಳೇ ಇಂದು ಸುಮಾರು ಇಪ್ಪತ್ತು ಸರೋವರಗಳಾಗಿವೆ. ಬಹುಮಟ್ಟಿಗೆ ಅಂತರ್ಜಲವೇ ಅವುಗಳ ಮೂಲ. ಕೆಲವೆಡೆ ತಳದಿಂದ ನೀರು ಉಕ್ಕುವುದನ್ನು ತಿಳಿನೀಲಿ ನೀರಿನೊಳಗೆ ಕಣ್ಣಾರೆ ಕಾಣಬಹುದು. 1981ರಿಂದ ಇದು ಸಂರಕ್ಷಿತ ಪ್ರದೇಶ. ಹಾದಿ ಬಿಟ್ಟು ಇಳಿಯುವಂತಿಲ್ಲ, ಗುರುತಿಸಿದ ಕೆಲವೇ ಜಾಗಗಳಲ್ಲಿ ಮಾತ್ರ ಈಜಬಹುದು.

ಅಲ್ಲಿಂದ ನೈಋತ್ಯಕ್ಕೆ, ಮುರ್ನೌ ಪಟ್ಟಣದ ಬಳಿ ಮುರ್ನೌವರ್ ಮೋಸ್ ಎಂಬ ವಿಶಾಲ ಜೌಗು ಭೂಮಿಯಿದೆ. ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು. ಹೆಸರಿನಲ್ಲಿ ಮೋಸವಿದ್ದರೂ ಹೋದವರಿಗೆ ಮೋಸವಿಲ್ಲ. ಮೇ ತಿಂಗಳ ಕೊನೆಯಿಂದ ಜೂನ್‌ವರೆಗೆ ನೀಲಿ ಐರಿಸ್ ಹೂಗಳು ಹುಲ್ಲುಗಾವಲನ್ನು ತುಂಬುತ್ತವೆ. ಅಲ್ಲಿಯ ರೈತರು ಈ ಹುಲ್ಲನ್ನು ಶರತ್ಕಾಲದಲ್ಲಿ ಮಾತ್ರ ಕೊಯ್ದು ದನದ ಕೊಟ್ಟಿಗೆಗೆ ಹಾಸುವ ಪದ್ಧತಿಯಿತ್ತು. ತಡವಾಗಿ ಕೊಯ್ಯುವುದರಿಂದಲೇ ಹೂಗಳು ಬೀಜಕಟ್ಟಿ ಉಳಿದವು. ಕೊಟ್ಟಿಗೆಗೆ ಸೊಪ್ಪು, ದರಕು ಹಾಸುವುದನ್ನು ಕಂಡು ಬೆಳೆದ ಮಲೆನಾಡಿನವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಜೌಗಿನ ಒಡಲಿನಲ್ಲಿರುವುದು ಪೀಟ್, ಅಂದರೆ ನೀರಿನಡಿ ಪೂರ್ತಿ ಕೊಳೆಯದೆ ಪದರಪದರವಾಗಿ ಶೇಖರವಾದ ಸಸ್ಯರಾಶಿ. ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು. ಒಂದು ಮೀಟರ್ ಆಳದ ಪೀಟಿಗೆ ಸಾವಿರ ವರ್ಷ ಬೇಕು. ಭೂಮಿಯ ನೆಲಭಾಗದ ಶೇಕಡಾ 3ರಷ್ಟೇ ಇರುವ ಇಂಥ ಜೌಗುಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ನೀರು ಬಸಿದುಹೋದರೆ ಅದೇ ಇಂಗಾಲ ಗಾಳಿಗೆ ಸೇರುತ್ತದೆ. ಜರ್ಮನಿಯ ಜೌಗುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ಕೃಷಿಗಾಗಿ, ಉರುವಲಿಗಾಗಿ ಹಿಂದೆಯೇ ಬಸಿದುಬಿಟ್ಟಿದ್ದಾರೆ. ಉಳಿದಿರುವ ಅಲ್ಪವನ್ನು ನೋಡಲು ಒಬ್ಬೊಬ್ಬರಿಗೆ ಒಂದೊಂದು ಕಾರಿನಂತೆ ಹೊಗೆಯುಗುಳುತ್ತ ಹೋಗುವುದು ನಮಗೆ ಯುಕ್ತವಾಗಿ ಕಾಣುವುದಿಲ್ಲ.

ಸ್ಥಳೀಯರ ಕಷ್ಟವೂ ಇದೆ. ಬಿಸಿಲಿನ ಭಾನುವಾರಗಳಲ್ಲಿ ಸರೋವರದ ಹಳ್ಳಿಗಳ ಪಾರ್ಕಿಂಗ್ ಸ್ಥಳಗಳು ಬೆಳಿಗ್ಗೆಯೇ ತುಂಬಿ, ತಡವಾಗಿ ಬಂದ ಕಾರುಗಳು ರಸ್ತೆಯ ಅಂಚಿನಲ್ಲಿ, ಹುಲ್ಲುಗಾವಲಿನಲ್ಲಿ, ಕೆಲವೊಮ್ಮೆ ಆಂಬುಲೆನ್ಸ್ ಹೋಗಬೇಕಾದ ದಾರಿಯಲ್ಲೂ ನಿಲ್ಲುತ್ತವೆ. ಬವೇರಿಯದ ಸಂವಿಧಾನದ 141ನೆಯ ವಿಧಿ ಪ್ರಕೃತಿಯ ಸೌಂದರ್ಯವನ್ನು ಸವಿಯುವ, ಕಾಡಿನಲ್ಲಿ, ಬೆಟ್ಟದ ಹುಲ್ಲುಗಾವಲಿನಲ್ಲಿ ನಡೆದಾಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ನಾಗರಿಕರಿಗೆ ಮಾತ್ರವಲ್ಲ, ಪ್ರತಿಯೊಬ್ಬರಿಗೂ. ನಿನ್ನೆ ಬಂದಿಳಿದ ಕನ್ನಡಿಗನಿಗೂ ಆ ಹಕ್ಕು ಇದೆ. ಅದೇ ವಿಧಿ ನಿಸರ್ಗವನ್ನು ಜೋಪಾನವಾಗಿ ಕಾಣುವ ಕರ್ತವ್ಯವನ್ನೂ ವಿಧಿಸಿದೆ. ಹಕ್ಕನ್ನು ಸಂತೋಷದಿಂದ ಪಡೆಯುವ ನಾವು ಕರ್ತವ್ಯವನ್ನೂ ಹಾಗೆಯೇ ಪಡೆಯಬೇಕು.

ತಿರುಗಿ ಬರಬೇಕಾಗಿಲ್ಲದ ನಡಿಗೆ

ಕಾರಿನಲ್ಲಿ ಹೋದವರ ನಡಿಗೆಗೆ ಒಂದು ಕಟ್ಟುಪಾಡಿದೆ. ಎಷ್ಟೇ ನಡೆದರೂ ಮತ್ತೆ ಕಾರು ನಿಲ್ಲಿಸಿದ ಜಾಗಕ್ಕೇ ಬರಬೇಕು. ರೈಲಿನಲ್ಲಿ ಹೋದವರಿಗೆ ಈ ಹಂಗಿಲ್ಲ. ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು. ನಮ್ಮ ಕುಟುಂಬಗಳಿಗೆ ಹೊಂದುವ ಮೂರು ದಾರಿಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಅತ್ಯಂತ ಸುಲಭ. ಮ್ಯೂನಿಕ್‌ನಿಂದ ಟುಟ್ಸಿಂಗ್ ಮಾರ್ಗವಾಗಿ ಕೋಖೆಲ್ ಕಡೆಗೆ ಹೋಗುವ ರೈಲಿನಲ್ಲಿ ಇಫೆಲ್‌ಡೋರ್ಫ್‌ನಲ್ಲಿ ಇಳಿದು, ಓಸ್ಟರ್‌ಸೇಯೆನ್ ಸರೋವರಗಳ ಅಂಚಿನಲ್ಲಿ ಉತ್ತರಕ್ಕೆ ನಡೆದು, ಅದೇ ಮಾರ್ಗದ ಸೇಸ್‌ಹೌಪ್ಟ್ ನಿಲ್ದಾಣದಲ್ಲಿ ಮರಳಿ ರೈಲು ಹತ್ತುವುದು. ಹೇಳಿಕೊಳ್ಳುವಂಥ ಏರಿಲ್ಲ. ಮಕ್ಕಳೊಂದಿಗೆ ನಿಧಾನವಾಗಿ ಸಾಗಿದರೆ ಅರ್ಧ ದಿನ ಸಾಕು. ಬಸ್ಸಿನ ಅಗತ್ಯವೇ ಇಲ್ಲದಿರುವುದರಿಂದ ದೊಡ್ಡ ಗುಂಪಿಗೆ ಇದೇ ಅನುಕೂಲ.

ಎರಡನೆಯದು ಮುರ್ನೌ. ನಿಲ್ದಾಣದಿಂದ ರಾಮ್‌ಸಾಖ್‌ನ ಚಿಕ್ಕ ಚರ್ಚಿನವರೆಗೆ ನಡೆದರೆ ಜೌಗಿನ ಸುತ್ತುದಾರಿ ಆರಂಭವಾಗುತ್ತದೆ. ಸುಮಾರು 12 ಕಿಲೋಮೀಟರಿನ ಈ ದಾರಿ ಬಹುತೇಕ ಸಮತಟ್ಟು. ನಡುವೆ ಒಂದು ಭಾಗದಲ್ಲಿ ಹಲಗೆ ಹಾಸಿದ ಕಿರುಹಾದಿ ಪಾಚಿಯ ಮೇಲೆ ಸಾಗುತ್ತದೆ. ಅಲ್ಲಿ ಬಗ್ಗಿ ನೋಡಿದರೆ ಕೀಟಗಳನ್ನು ಹಿಡಿದು ಅರಗಿಸಿಕೊಳ್ಳುವ ಡ್ರಾಸೆರಾ ಗಿಡದ ಅಂಟುಹನಿಗಳು ಹೊಳೆಯುತ್ತವೆ. ಇದೇ ಕುಲದ ಬೇರೆ ಪ್ರಭೇದಗಳು ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಾಣುತ್ತವೆ ಎಂದು ಮಕ್ಕಳಿಗೆ ಹೇಳಿದರೆ ಎರಡು ನಾಡುಗಳೂ ಅವರಿಗೆ ಹತ್ತಿರವಾದಾವು.

ಮೂರನೆಯದು ಕಾಲಿನಲ್ಲಿ ಕಸುವಿರುವವರಿಗೆ. ರೈಲಿನ ಕೊನೆಯ ನಿಲ್ದಾಣವಾದ ಕೋಖೆಲ್‌ನಲ್ಲಿ ಇಳಿದು, ಕೋಖೆಲ್‌ಸೇ ಸರೋವರದ ದಡದಿಂದ ಕೆಸೆಲ್‌ಬರ್ಗ್ ಬೆಟ್ಟದ ಹಳೆಯ ರಸ್ತೆಯ ಹಾದಿಯಲ್ಲಿ ಏರಿ, ಆಚೆ ಬದಿಯ ಉರ್ಫೆಲ್ಡ್ ಹಳ್ಳಿಯಲ್ಲಿ ವಾಲ್ಖೆನ್‌ಸೇ ಸರೋವರವನ್ನು ಕಾಣುವುದು. ಕವಿ ಗಯಟೆ 1786ರಲ್ಲಿ ಇಟಲಿಗೆ ಹೋದದ್ದು ಈ ಬೆಟ್ಟದ ಮೇಲಿಂದಲೇ. ಮೇಲಿನ ಸರೋವರಕ್ಕೂ ಕೆಳಗಿನದಕ್ಕೂ ಸುಮಾರು 200 ಮೀಟರ್ ಎತ್ತರದ ಅಂತರವಿದ್ದು, ಆ ಬೀಳುನೀರಿನಿಂದ 1924ರಿಂದ ವಿದ್ಯುತ್ತು ಉತ್ಪಾದನೆಯಾಗುತ್ತಿದೆ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಜೊತೆಗಿರುವ ಅಜ್ಜಂದಿರು ಅದನ್ನು ಹೆಮ್ಮೆಯಿಂದ ನೆನಪಿಸಲಿ. ಉರ್ಫೆಲ್ಡ್‌ನಿಂದ ಬಸ್ಸು ಕೋಖೆಲ್‌ಗೆ ಮರಳಿಸುತ್ತದೆ. ಏರಲಾಗದ ಹಿರಿಯರು ಅದೇ ಬಸ್ಸಿನಲ್ಲಿ ಮೊದಲೇ ಬಂದು ಸರೋವರದ ದಡದಲ್ಲಿ ಉಳಿದವರಿಗಾಗಿ ಕಾಯಬಹುದು. ಒಂದೇ ಕುಟುಂಬದ ಮೂರು ತಲೆಮಾರು ತಮ್ಮ ತಮ್ಮ ಶಕ್ತಿಗೆ ತಕ್ಕ ದಾರಿಯಲ್ಲಿ ಬಂದು ಒಂದೆಡೆ ಬುತ್ತಿ ಬಿಚ್ಚುವ ಅನುಕೂಲ ಕಾರಿನ ಪ್ರಯಾಣದಲ್ಲಿ ಸುಲಭವಾಗಿ ಸಿಗುವುದಿಲ್ಲ.

ವೈದ್ಯರಾಗಿ ಕೆಲವು ಮಾತು

ದಕ್ಷಿಣ ಏಷ್ಯಾದ ಮೂಲದವರಲ್ಲಿ ಮಧುಮೇಹವು ಐರೋಪ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿಯೇ ಕಾಣಿಸಿಕೊಳ್ಳುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಸರೋವರಕ್ಕೆ ನಡೆಯುವ ಕಡ್ಡಾಯದ ನಡಿಗೆಯನ್ನು ನಾವು ಔಷಧವೆಂದೇ ಎಣಿಸುತ್ತೇವೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಿಗೆ ಇನ್ನೊಂದು ಸಮಾಧಾನ: ಪ್ರಾದೇಶಿಕ ರೈಲುಗಳಲ್ಲಿ ಶೌಚಾಲಯವಿರುತ್ತದೆ, ಹೆದ್ದಾರಿಯ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಅದಿರುವುದಿಲ್ಲ.

ಎಚ್ಚರಿಕೆ ಎರಡು. ಒಂದು, ಉಣುಗು. ಬವೇರಿಯದ ಬಹುಪಾಲು ಜಿಲ್ಲೆಗಳು ಉಣುಗು ಕಚ್ಚುವುದರಿಂದ ಹರಡುವ ಮಿದುಳಿನ ಉರಿಯೂತದ ಅಪಾಯವಲಯದಲ್ಲಿವೆ. ಮಲೆನಾಡಿನವರಿಗೆ ಉಣುಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು ಇಲ್ಲಿಯ ಈ ವೈರಾಣುವಿನ ದಾಯಾದಿಯೇ ಹೌದು. ಇಲ್ಲಿಯ ಕಾಯಿಲೆಗೆ ಪರಿಣಾಮಕಾರಿಯಾದ ಲಸಿಕೆಯಿದೆ. ಮೂರು ಚುಚ್ಚುಮದ್ದುಗಳ ಸರಣಿಯನ್ನು ಕುಟುಂಬ ವೈದ್ಯರಲ್ಲಿ ಕೇಳಿ ಪಡೆಯಿರಿ. ಉಣುಗಿನಿಂದಲೇ ಬರುವ ಬೊರ್ರೆಲಿಯೋಸಿಸ್ ಕಾಯಿಲೆಗೆ ಈ ಲಸಿಕೆಯಿಂದ ರಕ್ಷಣೆ ಇಲ್ಲ. ಆದ್ದರಿಂದ ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು, ಮಕ್ಕಳ ಕೂದಲಂಚು ಪರೀಕ್ಷಿಸಿ. ಉಣುಗು ಕಂಡರೆ ಎಣ್ಣೆ ಹಚ್ಚದೆ, ಚರ್ಮಕ್ಕೆ ತಾಗಿದಂತೆ ಚಿಮಟದಿಂದ ಹಿಡಿದು ಕೂಡಲೇ ಕೀಳಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಹರಡುವ ಕೆಂಪು ಉಂಗುರ ಮೂಡಿದರೆ ವೈದ್ಯರನ್ನು ಕಾಣಿ.

ಎರಡು, ನೀರು. ಬೆಟ್ಟದ ಸರೋವರಗಳು ಬೇಸಿಗೆಯಲ್ಲೂ ತಣ್ಣಗಿರುತ್ತವೆ. ದಡದಿಂದ ಕೆಲವೇ ಹೆಜ್ಜೆಗಳಲ್ಲಿ ಆಳ ತಟ್ಟನೆ ಹೆಚ್ಚಬಹುದು. ತಣ್ಣೀರಿಗೆ ಹಠಾತ್ತನೆ ಬಿದ್ದವರು ಉಸಿರು ಸೆಳೆದುಕೊಳ್ಳುವ ರಭಸದಲ್ಲಿ ನೀರನ್ನೇ ಎಳೆದುಕೊಳ್ಳುತ್ತಾರೆ. ಈಜು ಬಲ್ಲವರಿಗೂ ಇದು ಅಪಾಯ. ನಮ್ಮಲ್ಲಿ ಈಜು ಕಲಿಯದೆ ಬೆಳೆದವರು ಅನೇಕರು. ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತು ಒಬ್ಬ ವಯಸ್ಕರು ಮೊಬೈಲ್ ಬದಿಗಿಟ್ಟು ಅವರನ್ನೇ ನೋಡುತ್ತಿರಬೇಕು. ತುರ್ತು ಕರೆಗೆ 112.

ಆಕ್ಷೇಪಗಳಿಗೆ ಉತ್ತರ

ರೈಲು ತಡವಾಗುತ್ತದೆ ಎಂಬುದು ನಿಜ. ವಾರಾಂತ್ಯಗಳಲ್ಲಿ ಹಳಿ ದುರಸ್ತಿಯೂ ಇರುತ್ತದೆ. ಹಿಂದಿನ ರಾತ್ರಿ ವೇಳಾಪಟ್ಟಿ ನೋಡುವುದು, ಹೊರಡುವ ಮುನ್ನ ಹಿಂದಿರುಗುವ ಕೊನೆಯ ರೈಲು ಮತ್ತು ಬಸ್ಸಿನ ಸಮಯ ಬರೆದಿಟ್ಟುಕೊಳ್ಳುವುದು, ಕೊನೆಯದಕ್ಕೆ ಕಾಯದೆ ಅದರ ಹಿಂದಿನದನ್ನು ಹಿಡಿಯುವುದು ಇದಕ್ಕೆ ಪರಿಹಾರ. ಟೇಗರ್ನ್‌ಸೇ ಅಥವಾ ಶ್ಲೀರ್ಸೇ ಕಡೆಗೆ ಹೋಗುವವರು ಒಂದು ವಿಷಯ ಗಮನಿಸಬೇಕು. ಆ ರೈಲುಗಳು ದಾರಿಯಲ್ಲಿ ಕವಲೊಡೆದು ಡಬ್ಬಿಗಳು ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ಹತ್ತುವ ಮುನ್ನ ಡಬ್ಬಿಯ ಮೇಲಿನ ಊರಿನ ಹೆಸರನ್ನು ಓದಿಕೊಳ್ಳಿ.

ಅರವತ್ತು ಜನ ಒಮ್ಮೆಲೇ ಹಳ್ಳಿಯ ಬಸ್ಸಿಗೆ ನುಗ್ಗಿದರೆ ಸ್ಥಳೀಯರಿಗೆ ಜಾಗವೆಲ್ಲಿ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಅದಕ್ಕಾಗಿಯೇ ಸಂಘದ ದೊಡ್ಡ ವಿಹಾರಕ್ಕೆ ರೈಲಿನಿಂದ ರೈಲಿಗೆ ಸಾಗುವ ಓಸ್ಟರ್‌ಸೇಯೆನ್ ದಾರಿಯನ್ನು ಸೂಚಿಸುತ್ತಿದ್ದೇವೆ. ಅಲ್ಲಿಗೂ ಹನ್ನೆರಡು ಹನ್ನೆರಡು ಜನರ ತಂಡಗಳಾಗಿ ಬೇರೆ ಬೇರೆ ಹೊತ್ತಿನ ರೈಲುಗಳಲ್ಲಿ ಹೊರಡುವುದು ಮೇಲು.

ಪಾತ್ರೆಗಟ್ಟಲೆ ಬಿಸಿಬೇಳೆಭಾತನ್ನು ರೈಲಿನಲ್ಲಿ ಒಯ್ಯುವುದು ಹೇಗೆ ಎಂದು ಕೇಳುವವರಿದ್ದಾರೆ. ಒಯ್ಯಬೇಕಾಗಿಲ್ಲ. ಪ್ರಯಾಣಕ್ಕೆಂದೇ ನಮ್ಮ ಹಿರಿಯರು ರೂಢಿಸಿದ ಬುತ್ತಿ ಇದೆಯಲ್ಲ! ಪುಳಿಯೋಗರೆ, ರೊಟ್ಟಿ ಮತ್ತು ಶೇಂಗಾ ಚಟ್ನಿ, ಮೊಸರನ್ನ, ಕೋಡುಬಳೆ ಇವೆಲ್ಲ ಹೆಗಲ ಚೀಲಕ್ಕೆ ಒಗ್ಗುವ ಊಟಗಳೇ. ಮನೆಮನೆಯ ಬುತ್ತಿ ಹಂಚಿಕೊಂಡರೆ ಅಡುಗೆಯ ಹೊಣೆ ನಾಲ್ಕೇ ಹೆಂಗಸರ ಮೇಲೆ ಬೀಳುವುದೂ ತಪ್ಪುತ್ತದೆ. ಆದರೆ ಬಾಳೆಹಣ್ಣಿನ ಸಿಪ್ಪೆಯನ್ನಾಗಲಿ, ಉಳಿದ ಅನ್ನವನ್ನಾಗಲಿ ಮಣ್ಣಿಗೆ ಸೇರುವುದೆಂದು ಜೌಗಿನಲ್ಲಿ ಎಸೆಯಬಾರದು. ಪೋಷಕಾಂಶ ಕಡಿಮೆಯಿರುವುದೇ ಆ ನೆಲದ ಗುಣ. ಡ್ರಾಸೆರಾದಂಥ ಗಿಡಗಳು ಬದುಕುವುದು ಆ ಬಡತನದ ಬಲದಿಂದಲೇ.

ಗಾಲಿಕುರ್ಚಿ ಬಳಸುವವರು, ಹಸುಗೂಸಿನ ತಾಯಂದಿರು, ನಿಲ್ದಾಣದಿಂದ ದೂರವಿರುವ ಹಳ್ಳಿಗಳಲ್ಲಿ ನೆಲೆಸಿದವರು ಕಾರಿನಲ್ಲಿ ಬರಲಿ. ಅವರಿಗೆ ಯಾರೂ ಬೇಸರದ ಮುಖ ತೋರಬಾರದು. ಕಾರಿನ ಅಗತ್ಯ ನಿಜವಾಗಿ ಇರುವವರಿಗೆ ಪಾರ್ಕಿಂಗ್ ಜಾಗ ಸಿಗಬೇಕಾದರೂ ಉಳಿದವರು ರೈಲು ಹತ್ತಬೇಕು.

ನಮ್ಮ ಕೋರಿಕೆ

ಇಲ್ಲಿ ಹುಟ್ಟಿದ ಮಕ್ಕಳಿಗೆ ಕರ್ನಾಟಕದ ನೀರಿನ ಕಥೆ ಹೆಚ್ಚಾಗಿ ತಲುಪುವುದು ಬೆಳ್ಳಂದೂರು ಕೆರೆಯ ನೊರೆಯ ಚಿತ್ರಗಳ ರೂಪದಲ್ಲಿ. ರಂಗನತಿಟ್ಟು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತೆಂಬುದು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳೂ ಆ ಪಟ್ಟಿ ಸೇರಿದವೆಂಬುದು ಅವರಿಗೆ ತಿಳಿದಿರುವುದಿಲ್ಲ. ಹಲಗೆ ಹಾದಿಯ ಮೇಲೆ ನಡೆದು ಜೌಗಿನ ಬೆಲೆ ಅರಿತ ಮಗು ಮುಂದಿನ ರಜೆಯಲ್ಲಿ ಅಜ್ಜಿಯ ಊರಿನ ಕೆರೆಯನ್ನು ಬೇರೆಯೇ ಕಣ್ಣಿನಿಂದ ನೋಡೀತು.

ಕಾರ್ಯಕಾರಿ ಸಮಿತಿಯನ್ನು ನಾವು ಕೇಳಿಕೊಳ್ಳುವುದು ಇಷ್ಟು. ಈ ಬೇಸಿಗೆಯ ವಿಹಾರ ಇಫೆಲ್‌ಡೋರ್ಫ್‌ನಿಂದ ಸೇಸ್‌ಹೌಪ್ಟ್‌ವರೆಗಿನ ನಡಿಗೆಯಾಗಲಿ. ಪ್ರತಿ ತಂಡದಲ್ಲೂ ಜರ್ಮನ್ ಬಲ್ಲ ಒಬ್ಬರು, ಹೊಸದಾಗಿ ಬಂದ ಒಂದು ಕುಟುಂಬ, ಊರಿನಿಂದ ಬಂದ ಹಿರಿಯರು ಇರುವಂತೆ ಪಟ್ಟಿ ಸಿದ್ಧವಾಗಲಿ. ಪ್ರಥಮ ಚಿಕಿತ್ಸೆಯ ಚೀಲ ಮತ್ತು ಉಣುಗಿನ ಚಿಮಟ ಹೊರುವ ಕೆಲಸ ನಮಗಿರಲಿ. ಸೇರುವ ಸ್ಥಳವಾಗಿ ಸೂಚನೆಯಲ್ಲಿ ಒಂದೇ ಹೆಸರು ಸಾಕು: ಮ್ಯೂನಿಕ್ ಮುಖ್ಯ ರೈಲು ನಿಲ್ದಾಣ. ಅಲ್ಲಿಗೆ ಬರಲು ಯಾರೂ ಯಾರನ್ನೂ ಸಂಪರ್ಕಿಸಬೇಕಾಗಿಲ್ಲ.